ಅಪ್ಪನ ಹೆಸರಿನ ಉಪವಾಸ

ನಾನು ಬಸ್ ಕಂಡಕ್ಟರ್. ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ಮೇಲೆ ಗಂಗಾವತಿಗೆ ಹೋಗಿ ಬರುವ ಬಸ್ಸು ನನ್ನದು. ದಿನವಿಡೀ "ಮುಂದ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ" ಎಂದು ಕೂಗಿ ಕೂಗಿ ನನ್ನ ಬಾಯಿ ದೊಡ್ಡದಾಗಿದೆ ಎಂದು ಅಣ್ಣ ಹೇಳುತ್ತಾನೆ. ಹುಟ್ಟಿದಾಗಿನಿಂದಲೇ ದೊಡ್ಡದಿತ್ತು ಎಂದು ಅವ್ವ ತಿದ್ದುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಕಳೆದ ವರ್ಷ ಮನೆಯವರೆಲ್ಲ ಸೇರಿ ನನಗೆ ಮಾಡಿದ ಮೋಸಕ್ಕೆ ಅವರು ಕೊಟ್ಟ ಕಾರಣ ಈ ಬಾಯಿಯೇ.

ಆಗ ಕುಷ್ಟಗಿಯ ಮನೆಯಲ್ಲಿ ನಾವು ನಾಲ್ಕು ಜನ. ಗೌಂಡಿ ಕೆಲಸ ಮಾಡಿ ಅರ್ಧ ಊರಿನ ಗೋಡೆ ಎಬ್ಬಿಸಿದ ಅಪ್ಪ, ಅವ್ವ, ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕೆಲಸಕ್ಕಿರುವ ಅಣ್ಣ, ಮತ್ತು ಕಿರಿಯ ಮಗಳು ನಾನು. ಅಣ್ಣನಿಗೂ ನನಗೂ ಇನ್ನೂ ಯಾಕೆ ಮದುವೆಯಾಗಿಲ್ಲ ಎಂಬುದು ಬೇರೆ ಕಥೆ, ಅದಕ್ಕೆ ಇಲ್ಲಿ ಸೀಟಿಲ್ಲ. ನಮ್ಮ ಹಿರಿಯರು ಮುದಗಲ್ಲು ಕಡೆಯಿಂದ ಬಂದ ಕಥೋಲಿಕರು. ಊರಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಕ್ರಿಸ್‌ಮಸ್ಸಿಗೆ ನಾವು ಓಣಿಗೆಲ್ಲ ಕರ್ಚಿಕಾಯಿ ಹಂಚುತ್ತೇವಾದ್ದರಿಂದ ನಮ್ಮ ಹಬ್ಬ ಎಲ್ಲರಿಗೂ ಗೊತ್ತು. ನಮ್ಮ ಉಪವಾಸ ಯಾರಿಗೂ ಗೊತ್ತಿಲ್ಲ. "ನಿಮ್ಮೊಳಗೂ ಉಪವಾಸ ಇರ್ತಾವೇನ್ರಿ?" ಎಂದು ಡಿಪೋದಲ್ಲಿ ಕೇಳಿದವರಿಗೆ ಲೆಕ್ಕವಿಲ್ಲ.

ಇರುತ್ತವೆ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡಲ್ಲಿಂದ ಈಸ್ಟರ್ ಎನ್ನುವ ಪಾಸ್ಕ ಹಬ್ಬದವರೆಗೆ, ಆರೂವರೆ ವಾರ, ತಪಸ್ಸು ಕಾಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಹೊತ್ತು ತುಂಬ ಊಟ, ಮಾಂಸ ಇಲ್ಲ. ನಡುವಿನ ಶುಕ್ರವಾರಗಳಲ್ಲೂ ಮಾಂಸ ಇಲ್ಲ, ಸಂಜೆ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ. ಭಾನುವಾರಕ್ಕೆ ಉಪವಾಸ ತಟ್ಟುವುದಿಲ್ಲ. ವಯಸ್ಸಾದವರು, ರೋಗಿಗಳು, ರೋಗಿಯ ಸೇವೆ ಮಾಡುವವರು, ಮೈಮುರಿದು ದುಡಿಯುವವರು, ಇವರಿಗೆಲ್ಲ ರಿಯಾಯಿತಿ ಉಂಟು. ಚರ್ಚಿನ ನಿಯಮ ಇಷ್ಟೇ, ಬಹಳ ಮೆತ್ತಗಿನದು. ಆದರೆ ನಮ್ಮ ಮನೆಯ ನಿಯಮಗಳನ್ನು ಮಾಡಿದ್ದು ಚರ್ಚಲ್ಲ, ಅಪ್ಪನ ತಾಯಿ.

ಆ ಮುದುಕಿ ಮುದಗಲ್ಲಿನಿಂದ ತಂದ ಒಂದು ಪದ್ಧತಿಗೆ ನಮ್ಮಲ್ಲಿ ಹೆಸರಿನ ಉಪವಾಸ ಎನ್ನುತ್ತಾರೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರ ಹೆಸರಿನಲ್ಲಿ ಇನ್ನೊಬ್ಬರು ಇಡೀ ತಪಸ್ಸು ಕಾಲ ಒಂದೇ ಹೊತ್ತು ಉಣ್ಣುವುದು. ಭಾನುವಾರವೂ ಬಿಡುವಿಲ್ಲ. ಬಿಟ್ಟ ಊಟ ಹೇಗೋ ಹೋಗಿ ಆ ರೋಗಿಯ ಮೈಗೆ ಹತ್ತುತ್ತದೆ ಎಂಬ ನಂಬಿಕೆ. ಇದಕ್ಕೊಂದು ಷರತ್ತಿದೆ. ಯಾರ ಹೆಸರಿನಲ್ಲಿ ಉಪವಾಸ ಹಿಡಿದಿದ್ದೇವೋ ಅವರ ಜೊತೆ ಕೂತು ಉಣ್ಣಬಾರದು. ಅವರ ತಾಟಿನ ತುತ್ತು ಮುಟ್ಟಬಾರದು, ಅವರು ಕೊಟ್ಟದ್ದು ತಿನ್ನಬಾರದು. ತಿಂದರೆ ಕೊಟ್ಟದ್ದನ್ನು ಮರಳಿ ಕಸಿದುಕೊಂಡ ಹಾಗಂತೆ. ಇದನ್ನು ಕೇಳಿ ಫಾದರ್ ಒಬ್ಬರು ಒಮ್ಮೆ ನಕ್ಕಿದ್ದರು. ಅವರ ಮುಂದೆ ನಾವೂ ನಕ್ಕು, ಮನೆಗೆ ಬಂದು ನಮ್ಮ ಪದ್ಧತಿಯನ್ನೇ ನಡೆಸಿದೆವು.

ಹೋದ ವರ್ಷದ ಮೊದಲಿಗೆ, ಕ್ರಿಸ್‌ಮಸ್ ಕಳೆದ ಮೇಲೆ, ಅಪ್ಪ ಸೊರಗತೊಡಗಿದ. ಅಂಗಿ ಜೋತುಬಿತ್ತು, ಕಣ್ಣಲ್ಲಿ ಅರಿಶಿನ ಬಂತು. ಅಣ್ಣ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದ, ಜೊತೆಗೆ ಅವ್ವ. ನನಗೆ ರಜೆ ಸಿಗಲಿಲ್ಲ. ಮೂವರೂ ಮರಳಿದ ದಿನ ನಾನು ಡ್ಯೂಟಿ ಮುಗಿಸಿ ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ಪ್ರಶ್ನೆ ಕೇಳಿದ್ದು.

"ಲಿವರ್ ಬಾತೈತಿ" ಅಂದ ಅಣ್ಣ. "ಗುಳಗಿ ಕೊಟ್ಟಾರ. ಪಥ್ಯ ಮಾಡಿದ್ರ ಇಳೀತೈತಿ."

"ಎಷ್ಟು ದಿನಕ್ಕ ಇಳೀತೈತಿ? ಮತ್ತ ಯಾವಾಗ ಬಾ ಅಂದಾರ? ಬ್ಯಾರೆ ಡಾಕ್ಟರಿಗೆ ತೋರಸೂಣೇನು?"

ಅಣ್ಣ ಬಚ್ಚಲಿಗೆ ಹೋಗಿ ಕೈಕಾಲು ತೊಳೆಯುತ್ತಲೇ ಉಳಿದ. ಅವ್ವ ನನ್ನನ್ನು ಅಡುಗೆಮನೆಗೆ ಕರೆದು, ಒಲೆಯ ಕಡೆ ಮುಖ ಮಾಡಿ ಹೇಳಿದಳು.

"ಹಂಗ ಒದರಬ್ಯಾಡ. ಬೂದಿ ಬುಧವಾರ ಬರಾಕ ಹತ್ತೈತಿ. ಅಪ್ಪನ ಹೆಸರಿಲೆ ಉಪವಾಸ ಹಿಡಿ. ನೀ ಹಿಡಿದ್ರ ದೇವರು ಕೇಳ್ತಾನ. ನೀ ಹಟಮಾರಿ ಅದಿ, ನಡುವ ಬಿಡಾಕಿ ಅಲ್ಲ."

ಅವ್ವ ನನ್ನನ್ನು ಹೊಗಳುವುದು ಅಪರೂಪ. ನಾನು ಉಬ್ಬಿಹೋದೆ. ಮನೆಯಲ್ಲಿ ಮೂವರಿದ್ದೂ ಈ ಭಾರ ನನಗೇ ಕೊಟ್ಟರಲ್ಲ, ಅಪ್ಪನನ್ನು ಉಳಿಸುವ ಕೆಲಸ ನನ್ನದಾಯಿತಲ್ಲ ಎಂದುಕೊಂಡೆ. ಪ್ರಶ್ನೆಗಳನ್ನು ಅಲ್ಲಿಗೇ ಬಿಟ್ಟೆ.

ಆ ವರ್ಷ ರಂಜಾನ್ ತಿಂಗಳೂ ನಮ್ಮ ತಪಸ್ಸು ಕಾಲವೂ ಕೂಡಿಬಂದಿದ್ದವು. ನನ್ನ ಬಸ್ಸಿನ ಡ್ರೈವರ್ ಸಾಹೇಬರು ರೋಜಾ ಇದ್ದರು. ನಡೆಸುವವರೂ ಉಪವಾಸ, ಟಿಕೆಟ್ ಹರಿಯುವವಳೂ ಉಪವಾಸ. ತಾವರಗೇರಾ ಸ್ಟ್ಯಾಂಡಿನಲ್ಲಿ ಮಿರ್ಚಿ ಬಜಿಯ ಬುಟ್ಟಿ ಕಿಟಕಿಯ ಹತ್ತಿರ ಬಂದರೆ ನಾವಿಬ್ಬರೂ ಎದುರು ದಿಕ್ಕಿಗೆ ಮುಖ ತಿರುಗಿಸುತ್ತಿದ್ದೆವು. ನಾನು ಬಾಟಲಿ ಎತ್ತಿ ನೀರು ಕುಡಿದರೆ ಸಾಹೇಬರು ಕನ್ನಡಿಯಲ್ಲಿ ನೋಡಿ ಕಿಚಾಯಿಸುತ್ತಿದ್ದರು.

"ಇದೆಂಥಾ ಉಪವಾಸ ತಂಗಿ, ಗಟಗಟ ನೀರು ಕುಡೀತಿ?"

"ನಿಮಗ ಹೊತ್ತು ಮುಳುಗಿದ್ರ ಬಿಡುಗಡಿ ಐತ್ರಿ. ನಂದು ಪಾಸ್ಕದ ತನಕ" ಎನ್ನುತ್ತಿದ್ದೆ.

ಚಹಾ ಬಿಟ್ಟಿದ್ದೆ. ಚಹಾ ಇಲ್ಲದೆ ತಲೆ ಸಿಡಿದು, ಚಿಲ್ಲರೆಗಾಗಿ ಕನಕಗಿರಿಯ ಒಬ್ಬ ಅಜ್ಜನ ಜೊತೆ ಬೀದಿಜಗಳವನ್ನೇ ಮಾಡಿಕೊಂಡಿದ್ದೆ. ಪ್ಯಾಂಟು ಸಡಿಲಾಗಿ ಪಿನ್ನು ಹಾಕುವ ಹಾಗಾಯಿತು. ಆದರೂ ಒಳಗೊಳಗೇ ಖುಷಿಯಿತ್ತು. ಹೊಟ್ಟೆ ಚುರುಗುಟ್ಟಿದಾಗೆಲ್ಲ, ಇದು ಅಪ್ಪನಿಗೆ ಹೋಯಿತು ಎಂದುಕೊಳ್ಳುತ್ತಿದ್ದೆ. ನಗುವವರು ನಗಲಿ, ಅದನ್ನು ನಾನು ಮನಸಾರೆ ನಂಬಿದ್ದೆ.

ಕಷ್ಟವಿದ್ದದ್ದು ಬಸ್ಸಿನಲ್ಲಲ್ಲ, ಮನೆಯಲ್ಲಿ. ನೌಕರಿ ಸೇರಿದಾಗಿನಿಂದ ನನ್ನ ರಾತ್ರಿ ಊಟ ಅಪ್ಪನ ಜೊತೆಗೇ. ಅವ್ವ, ಅಣ್ಣ ಮೊದಲೇ ಉಂಡು ಮುಗಿಸುತ್ತಿದ್ದರು. ಅಪ್ಪ ಮಾತ್ರ ನನಗಾಗಿ ಕಾಯುತ್ತಿದ್ದ. ರೊಟ್ಟಿ ಮುರಿದು, ಗಟ್ಟಿ ಅಂಚು ತಾನಿಟ್ಟುಕೊಂಡು ಮೆತ್ತಗಿನ ನಡುಭಾಗ ನನ್ನ ತಾಟಿಗೆ ಹಾಕುತ್ತಿದ್ದ. ಬಸ್ಸಿನಲ್ಲಿ ಯಾರು ಜಗಳ ಮಾಡಿದರು, ಯಾರು ಕೋಳಿಗೆ ಟಿಕೆಟ್ ತೆಗೆಸಲು ಒಪ್ಪಲಿಲ್ಲ ಎಂಬುದನ್ನೆಲ್ಲ ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದ. ನನ್ನ ದೊಡ್ಡ ಬಾಯಿ ಇಷ್ಟವಿದ್ದದ್ದು ಈ ಲೋಕದಲ್ಲಿ ಅವನೊಬ್ಬನಿಗೆ.

ಉಪವಾಸ ಹಿಡಿದ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣತೊಡಗಿದೆ. ಅಪ್ಪನ ಮಂಚ ಪಡಸಾಲೆಯಲ್ಲಿ. ನಡುವೆ ಒಂದು ಗೋಡೆ, ಅವನೇ ಕಟ್ಟಿದ್ದು.

"ಬಾರವ್ವಾ, ಇಲ್ಲೇ ಕುಂದ್ರು. ಒಂದು ತುತ್ತು ಉಣ್ಣು ಬಾ" ಎಂದು ಆ ಕಡೆಯಿಂದ ಕರೆಯುತ್ತಿದ್ದ.

"ಪಾಸ್ಕಕ್ಕ ಕೂಡಿ ಉಣ್ಣೂಣಪ್ಪಾ. ಮಟನ್ ತರ್ತೀನಿ, ನಿನಗ ಬೇಕಾದ್ದು ಮಾಡಸ್ತೀನಿ" ಎಂದು ನಾನು ಕೂಗುತ್ತಿದ್ದೆ.

"ಹೂಂನವ್ವಾ" ಅನ್ನುತ್ತಿದ್ದ. ಆ ಹೊತ್ತಿನಲ್ಲಿ ಅವ್ವ ಅವನ ಪಕ್ಕದಲ್ಲೇ ಗಂಜಿಯ ಬಟ್ಟಲು ಹಿಡಿದು ಕೂತಿರುತ್ತಿದ್ದಳು. ಅಣ್ಣ ಮೊಬೈಲ್ ನೋಡುತ್ತ ಬಾಗಿಲಲ್ಲಿರುತ್ತಿದ್ದ. ದಿನವೂ ಕರೆ, ದಿನವೂ ಅದೇ ಉತ್ತರ. ಒಂದು ದಿನವಾದರೂ ಇಬ್ಬರಲ್ಲೊಬ್ಬರು "ಹೋಗು, ಅವನ ಜೋಡಿ ಉಣ್ಣು" ಎನ್ನಬಹುದಿತ್ತು. ಕಾರಣ ಹೇಳುವುದೂ ಬೇಡವಾಗಿತ್ತು.

ರಂಜಾನ್ ಮುಗಿದು ಸಾಹೇಬರು ಚಹಾಕ್ಕೆ ಮರಳಿದರು. ಪಾಸ್ಕಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಬಂತು. ಅಪ್ಪನ ಊಟ ಕಡಿಮೆಯಾಗಿ ಬರೀ ಗಂಜಿಯ ತಿಳಿಗೆ ಇಳಿದಿತ್ತು. "ಗುಳಗಿ ಕಾವಿಗೆ ಹಂಗಾಗೈತಿ" ಅಂದ ಅಣ್ಣ. ಪಾಸ್ಕ ಇನ್ನೇನು ಬಂತು, ಆಮೇಲೆ ಚೇತರಿಸಿಕೊಳ್ಳುತ್ತಾನೆ ಎಂದು ನಾನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದೆ.

ಆ ಪವಿತ್ರ ವಾರದ ಬುಧವಾರ ಗಂಗಾವತಿಯಲ್ಲಿ ನಮ್ಮ ಫಾದರ್ ಬಸ್ಸು ಹತ್ತಿದರು. ಆ ವಾರ ಬಿಷಪ್ಪರು ಕೂಸುಗಳಿಗೆ, ಸಾವಿನ ಹಾಸಿಗೆಯಲ್ಲಿರುವವರಿಗೆ ಹಚ್ಚಲು ವರ್ಷಕ್ಕಾಗುವ ತೈಲಗಳನ್ನು ಮಂತ್ರಿಸುತ್ತಾರೆ, ಎಲ್ಲ ಊರಿನ ಗುರುಗಳೂ ಹೋಗಿ ತರುತ್ತಾರೆ. ಅದನ್ನೇ ತರಲು ಹೋಗಿದ್ದವರು ಕೈಚೀಲವನ್ನು ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡು ನನ್ನ ಸೀಟಿನ ಪಕ್ಕವೇ ಕೂತರು. ಕನಕಗಿರಿ ದಾಟಿದ ಮೇಲೆ ಬಸ್ಸು ಸ್ವಲ್ಪ ಖಾಲಿಯಾಯಿತು. ಫಾದರ್ ನನ್ನ ಮುಖವನ್ನೇ ನೋಡಿದರು.

"ಭಾಳ ಸೊರಗಿದಿ ಮಗಳ. ಈ ಬಿಸಲಾಗ ನಿಂತು ಕೆಲಸ ಮಾಡಾಕಿ, ನಿನಗ ಇಷ್ಟು ಕಠಿಣ ಉಪವಾಸ ಬೇಕಾಗಿಲ್ಲ."

"ಅಪ್ಪನ ಹೆಸರಿಲೆ ಹಿಡಿದೇನ್ರಿ ಫಾದರ್. ಆರಾಮ ಆಗ್ಲಿ ಅಂತ."

ಫಾದರ್ ಗಲಿಬಿಲಿಗೊಂಡರು. ನಂತರ ಮೆಲ್ಲಗೆ, ತುಂಬ ಮೆಲ್ಲಗೆ ಅಂದರು.

"ಆರಾಮ ಆಗ್ಲಿ ಅಂತನೇನು? ಹೋಗೂದು ಹಗುರ ಆಗ್ಲಿ ಅಂತ ಹಿಡಿದಿ ಅಂದಕೊಂಡಿದ್ದೆ. ಬೂದಿ ಬುಧವಾರಕ್ಕೂ ಮೊದಲ ನಿಮ್ಮಪ್ಪ ನನ್ನ ಕರಸಿ ತೈಲ ಹಚ್ಚಿಸಿಕೊಂಡ. ಪಾಪನಿವೇದನೆ ಮಾಡಿದ. ಡಾಕ್ಟರ್ ಕೈ ಬಿಟ್ಟಾರಂತ ಅವನ ಹೇಳಿದ. ನಿಮ್ಮವ್ವ, ಅಣ್ಣ ಅಲ್ಲೇ ಇದ್ರಲ್ಲ. ನಿನಗ... ನಿನಗ ಹೇಳಿಲ್ಲೇನು?"

ಹಿಂದಿನಿಂದ ಯಾರೋ ಕ್ರಾಸಿನಲ್ಲಿ ಇಳಿಯಬೇಕೆಂದು ಕೂಗುತ್ತಿದ್ದರು. ನಾನು ಸೀಟಿ ಊದಲಿಲ್ಲ. ಬಸ್ಸು ಕ್ರಾಸ್ ದಾಟಿ ಮುಂದೆ ಹೋಯಿತು. ಇಳಿಯಬೇಕಾದವನು ಬಂದು ನನ್ನನ್ನು ಬಾಯಿಗೆ ಬಂದಂತೆ ಬೈದ. ನೌಕರಿಯಲ್ಲಿ ಮೊದಲ ಸಲ ನಾನು ತಿರುಗಿ ಬೈಯಲಿಲ್ಲ. ಸಾಹೇಬರು ತಾವೇ ಬಸ್ಸು ನಿಲ್ಲಿಸಿ, ಹಿಂದೆ ತಿರುಗಿ ನನ್ನನ್ನು ನೋಡಿ, ಮತ್ತೆ ಹೊರಟರು. ಕುಷ್ಟಗಿಯವರೆಗೆ ಫಾದರ್ ಜಪಸರ ಹಿಡಿದು ಕೂತಿದ್ದರು. ನನಗೆ ಯಾವ ಜಪವೂ ಬೇಕಿರಲಿಲ್ಲ.

ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅಣ್ಣನೂ ಅಲ್ಲೇ ಇದ್ದ. ಅಪ್ಪನಿಗೆ ಕೇಳಿಸಬಾರದೆಂದು ನಾನು ದನಿ ತಗ್ಗಿಸಿದೆ. ಅಂಥದ್ದರಲ್ಲೂ ತಗ್ಗಿಸಿದೆ, ಅದು ಅವರ ಗಮನಕ್ಕೆ ಬರಲಿ ಎಂದೇ ತಗ್ಗಿಸಿದೆ.

"ಅಪ್ಪ ಉಳಿಯಂಗಿಲ್ಲಂತ ನಿಮಗ ಯಾವಾಗ ಗೊತ್ತಾತು?"

ಅವ್ವನ ಕೈಯಲ್ಲಿದ್ದ ಟವೆಲ್ಲು ಅಲ್ಲೇ ನಿಂತಿತು. ಅಣ್ಣ ಅಂದ:

"ಹುಬ್ಬಳ್ಳ್ಯಾಗ. ಕ್ಯಾನ್ಸರ್ ಅಂದ್ರು. ಎಲ್ಲಾ ಕಡೆ ಹಬ್ಬೇತಿ, ಮನಿಗೆ ಕರಕೊಂಡು ಹೋಗ್ರಿ ಅಂದ್ರು."

"ನನಗ್ಯಾಕ ಹೇಳಲಿಲ್ಲ?"

"ನೀ ಒದರಾಡತಿದ್ದಿ. ಬೆಂಗಳೂರು ಅಂತಿದ್ದಿ, ಬೊಂಬಾಯಿ ಅಂತಿದ್ದಿ, ಡಾಕ್ಟರ್ ಕೂಡ ಜಗಳ ತಗೀತಿದ್ದಿ. ಅಪ್ಪಗ ಸಮಾಧಾನದಿಂದ ಹೋಗಾಕ ಬಿಡತಿದ್ದಿಲ್ಲ."

"ಆತು. ಹೇಳಬ್ಯಾಡ್ರಿ. ಉಪವಾಸ ಯಾಕ ಹಿಡಸಿದ್ರಿ?"

ಇದಕ್ಕೆ ಉತ್ತರ ಅವ್ವ ಕೊಟ್ಟಳು. ಅವಳಿಗೆ ಸುಳ್ಳು ಹೇಳಲು ಬಂದರೂ ಒಮ್ಮೆ ಸಿಕ್ಕಿಬಿದ್ದ ಮೇಲೆ ಮುಚ್ಚಿಡಲು ಬರುವುದಿಲ್ಲ.

"ಕೈಗೊಂದು ಕೆಲಸ ಕೊಟ್ರ ಸುಮ್ಮನಿರ್ತಿ ಅಂತ ಕೊಟ್ಟೆನವ್ವ. ನಾ ಏನು ಮಾಡ್ಲಿ? ದಿನಾ ಬಂದು ಕೇಳಾಕಿ ನೀ. ನಿನಗ ಯಾವ ಮಾರಿ ಇಟಗೊಂಡು ಹೇಳ್ಲಿ?"

ಅಳುವ ಕೂಸಿನ ಕೈಗೆ ಕಿನ್ನಾಳದ ಗೊಂಬೆ ಕೊಟ್ಟು ತಾಯಂದಿರು ತಮ್ಮ ಕೆಲಸಕ್ಕೆ ಹೋಗುತ್ತಾರಲ್ಲ, ಹಾಗೆ ನನ್ನ ಕೈಗೆ ಉಪವಾಸ ಕೊಟ್ಟಿದ್ದರು. ಅದೂ ಎಂಥ ಉಪವಾಸ? ಅಪ್ಪನ ತಾಟಿನಿಂದ ನನ್ನನ್ನು ಎಬ್ಬಿಸಿ ಗೋಡೆಯಾಚೆ ಕೂರಿಸುವ ಉಪವಾಸ. ಉಳಿದ ಅಷ್ಟು ಸಂಜೆಗಳನ್ನು ಅವ್ವ, ಅಣ್ಣ ಗೊತ್ತಿದ್ದು ಅವನ ಪಕ್ಕ ಕಳೆದರು. ನನ್ನ ಪಾಲಿನ ಸಂಜೆಗಳನ್ನು ನನ್ನ ಕೈಯಿಂದಲೇ ಎಸೆಯುವ ಹಾಗೆ ಮಾಡಿದರು. ನಾನು ಅವತ್ತು ಒದರಲಿಲ್ಲ. ಇವರು ಹೆದರಿದ್ದ ಆ ಒದರಾಟವನ್ನು ಇವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಎರಡು ತಾಟು ಹಚ್ಚಿಕೊಂಡು ಪಡಸಾಲೆಗೆ ಹೋಗಿ ಅಪ್ಪನ ಮಂಚದ ಪಕ್ಕ ಕೂತೆ. ಅಪ್ಪ ತಾಟು ನೋಡಿದ, ನನ್ನನ್ನು ನೋಡಿದ. ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ಮೆತ್ತಗಿನ ಅನ್ನಕ್ಕೆ ಹಾಲು ಕಲಸಿ ಒಂದು ತುತ್ತು ಅವನ ಬಾಯಿಗಿಟ್ಟೆ. ಬಾಯಲ್ಲಿಟ್ಟುಕೊಂಡ. ನುಂಗಲು ನೋಡಿದ, ಮತ್ತೊಮ್ಮೆ ನೋಡಿದ. ಕಣ್ಣಲ್ಲಿ ನೀರು ಬಂತೇ ಹೊರತು ತುತ್ತು ಇಳಿಯಲಿಲ್ಲ. ಅವ್ವ ಓಡಿ ಬಂದು ಬೆರಳು ಹಾಕಿ ತೆಗೆದಳು.

"ನೀ ಉಣ್ಣವ್ವ" ಅಂದ. "ನಾ ನೋಡ್ತೀನಿ."

"ನಿನಗೂ ಗೊತ್ತಿತ್ತಲ್ಲಪ್ಪಾ. ದಿನಾ ಕರೀತಿದ್ದಿ. ಒಂದು ದಿನ ಹೇಳಿದ್ರ ಓಡಿ ಬರತಿದ್ದೆ."

ಅಪ್ಪ ಉಸಿರು ತೆಗೆದುಕೊಂಡು ತೆಗೆದುಕೊಂಡು ಹೇಳಿದ:

"ಈ ಮನ್ಯಾಗ ನಾ ಬದುಕ್ತೀನಿ ಅನ್ನಾಕಿ ನೀ ಒಬ್ಬಾಕಿನ ಇದ್ದಿ. ಪಾಸ್ಕಕ್ಕ ಮಟನ್ ತರ್ತೀನಿ ಅಂತಿದ್ದಿ. ಅದನ್ನ ಕೇಳಾಕ ಭಾಳ ಛಲೋ ಅನಸತಿತ್ತು."

ಈ ಮಾತಿಗೆ ನಾನು ಕರಗಿಹೋಗಬೇಕಿತ್ತು ಎಂದು ಕೇಳಿದವರೆಲ್ಲ ಹೇಳುತ್ತಾರೆ. ನಾನು ಕರಗಲಿಲ್ಲ. ಎಲ್ಲರಿಗಿಂತ ಹೆಚ್ಚು ಸಿಟ್ಟು ನನಗೆ ಅವನ ಮೇಲೆಯೇ ಬಂತು. ಅವ್ವ, ಅಣ್ಣ ನನ್ನನ್ನು ಅರಿತವರಲ್ಲ, ಅವರ ಮಾತು ಬಿಡಿ. ಇವನು ಅರಿತವನು. ತನಗೊಂದು ಸುಖದ ಮಾತು ಬೇಕೆಂದು ನನ್ನನ್ನು ಆಚೆ ಕೂರಿಸಿದ್ದ. ಸಾಯುವವನ ಮೇಲೆ ಸಿಟ್ಟು ಮಾಡುವ ಹಾಗೂ ಇಲ್ಲ. ನಾನು ಅವನ ಮುಂದೆ ಕೂತು ಉಂಡೆ. ಏನುಂಡೆನೋ ನೆನಪಿಲ್ಲ.

ಎರಡು ದಿನಕ್ಕೆ ಶುಭ ಶುಕ್ರವಾರ. ವರ್ಷದಲ್ಲೇ ಬಿಗಿಯಾದ ಉಪವಾಸ, ನಮ್ಮ ಮನೆಯಲ್ಲಿ ಸಂಜೆ ಶಿಲುಬೆಗೆ ಮುತ್ತಿಟ್ಟು ಬರುವವರೆಗೆ ಯಾರೂ ಹನಿ ಚಹಾ ಕುಡಿಯುವುದಿಲ್ಲ. ನಾನು ಬೆಳಿಗ್ಗೆ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿದೆ. ವಾಸನೆಗೆ ಅವ್ವ ಬಾಗಿಲಿಗೆ ಬಂದಳು.

"ಇವತ್ತ ಶುಭ ಶುಕ್ರವಾರ ಐತಿ" ಅಂದಳು, ನನಗೆ ಮರೆತಿದೆಯೇನೋ ಎಂಬಂತೆ.

"ಗೊತ್ತೈತಿ. ನೀವು ಮಾಡ್ರಿ ಉಪವಾಸ. ನನ್ನ ಪಾಲಿಂದು ಮುಗದೈತಿ."

ಅವ್ವ, ಅಣ್ಣ ಚರ್ಚಿಗೆ ಹೋದರು. ನಾನು ಅಪ್ಪನ ಮಂಚದ ಪಕ್ಕ ಕೂತು, ಅವನಿಗೆ ಕಾಣುವ ಹಾಗೆ ರೊಟ್ಟಿ ಮುರಿದು ಮುರಿದು ಉಂಡೆ. ಬಸ್ಸಿನಲ್ಲಿ ಕ್ರಾಸ್ ತಪ್ಪಿಸಿಕೊಂಡವನು ಬೈದ ಬೈಗುಳಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಪ್ಪನ ತುಟಿ ಅಲುಗಿತು, ನಗಲು ಶಕ್ತಿಯಿರಲಿಲ್ಲ. ಬಡಕಲಾಗಿದ್ದ ನನ್ನ ಹೊಟ್ಟೆ ಅಷ್ಟು ಊಟ ತಡೆಯಲಾರದೆ ನೋಯತೊಡಗಿತು. ಆದರೂ ಅವನಿಗೆ ನಿದ್ದೆ ಹತ್ತುವ ತನಕ ಉಣ್ಣುತ್ತಲೇ ಇದ್ದೆ.

ಪಾಸ್ಕ ಬಂತು. ಮಟನ್ ತರಲಿಲ್ಲ. ಆ ವಾರದಲ್ಲೇ ಅಪ್ಪ ಹೋದ.

ಮಣ್ಣಿಗೆ ಬಂದವರೆಲ್ಲ ನನ್ನನ್ನು ಹಿಡಿದು ಕೊಂಡಾಡಿದರು. ಹನುಮಸಾಗರದಿಂದ ಬಂದಿದ್ದ ದೂರದ ಅತ್ತೆಯೊಬ್ಬರು ನನ್ನ ಗಲ್ಲ ಸವರಿ, "ಎಂಥಾ ಮಗಳು! ಅಪ್ಪನ ಸಲುವಾಗಿ ಮೈ ಒಣಗಿಸಿಕೊಂಡಾಳ" ಅಂದರು. ಅವ್ವ ಅಲ್ಲೇ ಕೂತಿದ್ದಳು. "ಹೂಂನ್ರಿ, ಒಂದು ದಿನಾನೂ ಬಿಡಲಿಲ್ಲ ನನ್ನ ಮಗಳು" ಎಂದು ಹೆಮ್ಮೆಯಿಂದ ಹೇಳಿದಳು. ಶುಭ ಶುಕ್ರವಾರ ನಾನು ರೊಟ್ಟಿ ಬಡಿದದ್ದನ್ನು ಕಂಡೂ ಅವಳು ಅದನ್ನು ನಂಬಿಯೇ ಹೇಳುತ್ತಿದ್ದಳು, ಅದನ್ನು ಇವತ್ತಿಗೂ ಸಹಿಸಲು ನನ್ನಿಂದ ಆಗುವುದಿಲ್ಲ.

ಈ ವರ್ಷ ತಪಸ್ಸು ಕಾಲಕ್ಕೆ ಮೊದಲು ಅವ್ವನಿಗೆ ಹೊಟ್ಟೆನೋವು ಬಂತು. ಅಣ್ಣ ಕೊಪ್ಪಳಕ್ಕೆ ಕರೆದುಕೊಂಡು ಹೋಗಿ ಬಂದ. ನನಗೆ ಅವತ್ತೂ ಡ್ಯೂಟಿ ಇತ್ತು.

"ಗ್ಯಾಸ್ ಅಂತ" ಅಂದ ಅಣ್ಣ. "ಖಾರ ಕಡಿಮಿ ಮಾಡು ಅಂದಾರ. ಏನೂ ಇಲ್ಲ."

"ಖರೇನ ಏನೂ ಇಲ್ಲವ್ವಾ" ಅಂದಳು ಅವ್ವ. "ಇದ್ರ ಹೇಳ್ತೀನಿ. ಈ ಸಲ ಹೇಳ್ತೀನಿ."

ಇರಲಿಕ್ಕಿಲ್ಲ. ಗ್ಯಾಸೇ ಇರಬಹುದು. ನಾನು ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ, ಉಪವಾಸ ಹಿಡಿಯಲಿಲ್ಲ. ಅಂದಿನಿಂದ ದಿನಾ ಸಂಜೆ ಅವ್ವನನ್ನು ಕಾಯಿಸಿ, ಎದುರು ಬದುರು ತಾಟು ಹಚ್ಚಿಕೊಂಡು ಕೂರುತ್ತೇನೆ. ಮಗಳು ಜೊತೆಗೆ ಉಣ್ಣತೊಡಗಿದಳು, ಸಿಟ್ಟು ಇಳಿಯಿತು ಎಂದು ಅವ್ವ ಓಣಿಯವರಿಗೆ ಹೇಳಿಕೊಂಡು ಖುಷಿಪಡುತ್ತಾಳೆ. ನಾನೋ, ಅವಳು ತುತ್ತು ಬಾಯಿಗಿಟ್ಟರೆ ಅದು ಇಳಿಯುವ ತನಕ ಗಂಟಲನ್ನೇ ನೋಡುತ್ತಿರುತ್ತೇನೆ.

"ಹಂಗ್ಯಾಕ ನೋಡ್ತಿ?" ಎಂದು ಮೊನ್ನೆ ಕೇಳಿದಳು.

"ನುಂಗು" ಅಂದೆ.